ಕೊನೆಯ ಅರ್ಧ ಸುತ್ತಿನ ಮಹನೀಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಕೈ ಮಾತ್ರ ಚೆನ್ನಾಗಿ ಪರಿಚಯ. ನನ್ನ ಬೈಕಿನ ಸೈಡ್ ಪ್ಯಾನಲ್ಲಿನ ಸ್ಕ್ರೂ ತಲೆಯ ಮೇಲೆ ಒಂದು ಕಾಲಕ್ಕೆ ಅಧಿಕ ಚಿಹ್ನೆ ಇತ್ತು. ಈಗ ಅಲ್ಲಿ ದುಂಡನೆಯ ಗುಳಿಯಿದೆ. ಅದು ನಿಮ್ಮ ಸಹಿ. ಹೆಡ್‌ಲೈಟ್ ಡೂಮಿನ ತೂತಿನ ಸುತ್ತ ಕಪ್ಪು ಪ್ಲಾಸ್ಟಿಕ್ಕು ಬಿಳಿಚಿಕೊಂಡು ಉಂಗುರ ಕಟ್ಟಿದೆ. ಅದು ನಿಮ್ಮ ಮೊಹರು. ಆ ಉಂಗುರದಿಂದ ಹೊರಟ ಸಣ್ಣ ಸೀಳೊಂದು ನಿಧಾನವಾಗಿ ಪ್ಯಾನಲ್ಲಿನ ಅಂಚು ಮುಟ್ಟಲು ಹೊರಟಿದೆ. ಅದು ನೀವು ಬಿಟ್ಟುಹೋದ ಆಸ್ತಿ.

ನೀವು ಒಬ್ಬರಲ್ಲ ಎಂಬುದೂ ಗೊತ್ತು. ಸರ್ವೀಸ್ ಸೆಂಟರಿನಲ್ಲಿ ಗಾಳಿಯ ಗನ್ ಹಿಡಿದು ಡರ್ರೆನಿಸುವವರು ನೀವು. ರಸ್ತೆ ಬದಿಯ ಗ್ಯಾರೇಜಿನಲ್ಲಿ ಬಾಯಲ್ಲಿ ಎರಡು ಸ್ಕ್ರೂ, ಕೈಯಲ್ಲಿ ಒಂದು ಇಟ್ಟುಕೊಂಡು, ನಾಲ್ಕನೆಯದು ಎಲ್ಲಿ ಹೋಯಿತೆಂದು ನೆಲ ತಡಕುವವರು ನೀವು. ಭಾನುವಾರ ಬೆಳಗ್ಗೆ ಮನೆಯ ಅಂಗಳದಲ್ಲಿ ‘ನಂಗೆ ಬಿಡಿ ಭಾವ, ನಾನ್ ನೋಡ್ತೀನಿ’ ಎಂದು ತೋಳು ಮಡಚುವ ಬಾಮೈದನೂ ನೀವೇ. ಸ್ಕ್ರೂ ಕೂತಿತೆಂದು ಸುತ್ತ ನಿಂತವರಿಗೆಲ್ಲ ಮನವರಿಕೆಯಾದ ಮೇಲೂ ‘ಇರ್ಲಿ, ಇನ್ನೊಂಚೂರು’ ಎಂದು ಹಲ್ಲು ಕಚ್ಚಿ ಕೊಡುತ್ತೀರಲ್ಲ ಆ ಅರ್ಧ ಸುತ್ತು, ಅದರ ಗುಣಗಾನಕ್ಕೆಂದೇ ಈ ಪತ್ರ.

ನಿಮ್ಮ ಕೈಗೆ ತಕ್ಕ ಗಾಡಿಗಳು ಒಂದು ಕಾಲದಲ್ಲಿ ಇದ್ದವು, ಒಪ್ಪುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರತಂದ ಜಾವಾ, ಯೆಜ್ಡಿಗಳನ್ನು ನೆನೆಯಿರಿ. ಮಡ್‌ಗಾರ್ಡು ಉಕ್ಕು, ಪಕ್ಕದ ಟೂಲ್ ಬಾಕ್ಸು ಉಕ್ಕು, ಚೈನಿನ ಕವರೂ ಉಕ್ಕು. ಅಲ್ಲಿ ಅರ್ಧ ಸುತ್ತು ಹೆಚ್ಚಾದರೆ ಗಾಡಿ ಗಮನಿಸುತ್ತಲೂ ಇರಲಿಲ್ಲ. 1980ರ ದಶಕದ ನಡುವೆ ಜಪಾನಿನ ಕಂಪನಿಗಳ ಕೈಹಿಡಿದು 100 ಸಿ.ಸಿ. ಬೈಕುಗಳು ಬಂದವು. ಸೈಡ್ ಪ್ಯಾನಲ್ ಪ್ಲಾಸ್ಟಿಕ್ ಆಯಿತು; ಆಮೇಲೆ ಡೂಮು, ಮಡ್‌ಗಾರ್ಡು, ಸೀಟಿನ ಹಿಂದಿನ ಬಾಲ, ಟ್ಯಾಂಕಿನ ಎರಡು ಕಡೆಯ ರೆಕ್ಕೆ ಒಂದೊಂದಾಗಿ ಅದೇ ಹಾದಿ ಹಿಡಿದವು. 2008ರಲ್ಲಿ ಯಮಹಾ ಆರ್15 ಬಂದಾಗ ಕಾಲೇಜು ಹುಡುಗರ ಕನಸಿಗೂ ಮೂತಿಯಿಂದ ಹೊಟ್ಟೆಯವರೆಗೆ ಪ್ಲಾಸ್ಟಿಕ್ ಅಂಗಿ ಬಂತು. ಗಾಡಿ ಬದಲಾಯಿತು, ನಿಮ್ಮ ಮಣಿಕಟ್ಟು ಮಾತ್ರ ಯೆಜ್ಡಿಗೆ ನಿಷ್ಠವಾಗಿಯೇ ಉಳಿಯಿತು. ಇಂಥ ನಿಷ್ಠೆ ಈಗ ರಾಜಕೀಯದಲ್ಲೂ ಸಿಗುವುದಿಲ್ಲ.

ಸಡಿಲವಾಯಿತೆಂದರೆ ಬಿಗಿ ಸಾಲಲಿಲ್ಲ ಎಂಬುದು ನಿಮ್ಮ ಸಿದ್ಧಾಂತ. ಉಕ್ಕಿನ ಮಟ್ಟಿಗೆ ಅದು ಬಹುಪಾಲು ಸರಿಯೇ. ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದಕ್ಕೆ ಜಗ್ಗುತ್ತದೆ. ವಾಪಸು ಕುಗ್ಗಲು ಹವಣಿಸುವ ಆ ಸೆಳೆತವೇ ಎರಡು ಲೋಹಗಳನ್ನು ಒತ್ತಿ ಹಿಡಿಯುವುದು. ಲೋಹಕ್ಕೆ ಲೋಹ ಸೇರುವಲ್ಲಿ ಸಾಧಾರಣ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಪ್ಯಾನಲ್ ಹಿಡಿಯುವ 5 ಮಿ.ಮೀ. ಸ್ಕ್ರೂಗೆ ಒಂದೋ ಎರಡೋ ಸಾಕು. ಅಂದರೆ ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗೈಯಲ್ಲಿ ಅಮುಕದೆ, ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ತಿರುಗಿಸಿದರೆ ಎಷ್ಟು ಬಿಗಿಯಾಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಇದನ್ನು ಕೇಳಿದರೆ ನಿಮಗೆ ಅವಮಾನವಾಗುತ್ತದೆಂದು ಬಲ್ಲೆ. ಬೆಳಗ್ಗೆ ಗರಡಿಗೆ ಹೋಗಿ ಬೆಳೆಸಿದ ತೋಳನ್ನು ಎರಡು ಬೆರಳಿಗೆ ಇಳಿಸಿ ಎಂದು ಯಾರಿಗಾದರೂ ಹೇಳುವುದು ಸಭ್ಯತೆಯಲ್ಲ.

ಪ್ಲಾಸ್ಟಿಕ್ಕಿಗೆ ಇನ್ನೊಂದು ಸ್ವಭಾವವಿದೆ, ನಿಮ್ಮ ಉದ್ಯೋಗಕ್ಕೆ ಬಹಳ ಅನುಕೂಲವಾದದ್ದು. ಒತ್ತಡದಲ್ಲಿ ಇಟ್ಟರೆ ಅದು ನಿಧಾನವಾಗಿ ಜರುಗುತ್ತದೆ. ಹೊಸದಾಗಿ ಹೆಣೆದ ಹಗ್ಗದ ಮಂಚ ನಾಲ್ಕು ದಿನಕ್ಕೆ ಜೋತುಬೀಳುವುದನ್ನು ಕಂಡವರಿಗೆ ಇದು ಹೊಸತಲ್ಲ: ಹಗ್ಗ ಕಡಿದಿರುವುದಿಲ್ಲ, ಗಂಟು ಬಿಚ್ಚಿರುವುದಿಲ್ಲ, ಬಿಗಿ ಮಾತ್ರ ಮಾಯವಾಗಿರುತ್ತದೆ. ಸ್ಕ್ರೂ ತಲೆಯ ಕೆಳಗಿನ ಪ್ಲಾಸ್ಟಿಕ್ಕೂ ಹೀಗೇ ತಗ್ಗಿ ಜಾಗ ಬಿಟ್ಟುಕೊಡುತ್ತದೆ. ನೀವು ಎಷ್ಟು ಜೋರಾಗಿ ಒತ್ತುತ್ತೀರೋ ಅಷ್ಟು ಬೇಗ ಜರುಗುತ್ತದೆ. ಸಂಜೆ ಕಲ್ಲಿನಷ್ಟು ಗಟ್ಟಿ ಕೂತಿದ್ದ ಸ್ಕ್ರೂ ವಾರ ಕಳೆಯುವುದರಲ್ಲಿ ಬೆರಳಿಗೆ ತಿರುಗುತ್ತದೆ. ಸ್ಕ್ರೂ ಒಂದಿಷ್ಟೂ ತಿರುಗದೆಯೇ ಸಡಿಲವಾಗಿದೆ! ಗ್ರಾಹಕ ಬರುತ್ತಾನೆ, ನೀವು ಮತ್ತೆ ಅರ್ಧ ಸುತ್ತು ಕೊಡುತ್ತೀರಿ, ಪ್ಲಾಸ್ಟಿಕ್ಕು ಮತ್ತೆ ತಗ್ಗುತ್ತದೆ. ಒಂದು ದಿನ ‘ಟಕ್’ ಎಂದು ಒಳಗಿನ ಥ್ರೆಡ್ ಹೋಗುತ್ತದೆ. ಆಗ ನೀವು ತಲೆಯೆತ್ತಿ ಹೇಳುವ ಮಾತು ನಾಡಿನ ಎಲ್ಲ ಗ್ಯಾರೇಜುಗಳಲ್ಲೂ ಒಂದೇ: ‘ಥ್ರೆಡ್ ಮೊದ್ಲೇ ಹೋಗಿತ್ತು ಸಾರ್.’

ನಿಮ್ಮೊಬ್ಬರ ಮೇಲೆ ಹೊರೆ ಹೊರಿಸುವುದು ಸರಿಯಲ್ಲ, ಎಂಜಿನ್ನೂ ಕೈಜೋಡಿಸಿದೆ. ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ಓಡುವ ಎಂಜಿನ್ನು ಸೆಕೆಂಡಿಗೆ ನೂರು ಸಲ ತಿರುಗುತ್ತದೆ. ನಮ್ಮ ಬಹುತೇಕ ಬೈಕುಗಳದ್ದು ಒಂಟಿ ಸಿಲಿಂಡರ್. ಪ್ರತಿ ಸುತ್ತಿಗೂ ಒಂದು ನಡುಕ ಫ್ರೇಮಿಗೆ, ಫ್ರೇಮಿನಿಂದ ಪ್ಯಾನಲ್ಲಿಗೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ ಬೋಲ್ಟುಗಳು ಏಕೆ ಬಿಚ್ಚಿಕೊಳ್ಳುತ್ತವೆಂದು ಪರೀಕ್ಷಿಸಿ ತೋರಿಸಿದ: ಮೇಲೆ ಕೆಳಗೆ ಜಗ್ಗುವುದಕ್ಕಿಂತ, ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರುವುದೇ ಅಪಾಯ. ಅಡ್ಡ ಜಾರಾಟವಾದಾಗಲೆಲ್ಲ ಥ್ರೆಡ್ಡಿನ ಹಿಡಿತ ಕ್ಷಣಕಾಲ ತಪ್ಪುತ್ತದೆ, ಸ್ಕ್ರೂ ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ನೀವು ಭಕ್ತಿಯಿಂದ ಹಾಕುವ ಸ್ಪ್ರಿಂಗ್ ವಾಷರ್ ಇದನ್ನು ತಡೆಯುವುದು ಅಷ್ಟಕ್ಕಷ್ಟೇ ಎಂಬುದೂ ಆ ಬಗೆಯ ಪರೀಕ್ಷೆಗಳಲ್ಲಿ ಬಯಲಾಗಿದೆ. ಪ್ಲಾಸ್ಟಿಕ್ಕಿನ ಮೇಲೆ ಹಾಕಿದರಂತೂ ಅದರ ಚೂಪು ತುದಿ ಪ್ಯಾನಲ್ಲನ್ನು ಕೆರೆಯುತ್ತದೆ, ಅಷ್ಟೇ.

ರಸ್ತೆಯ ಪಾಲನ್ನೂ ಮರೆಯಬಾರದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ದುಂಡನೆಯ ದಿಬ್ಬ. ನಮ್ಮ ಬಡಾವಣೆಯಲ್ಲಿ ಹಂಪ್ ಅಂದರೆ ಯಾರದೋ ಮನೆಯ ಮೋಲ್ಡಿಂಗ್ ಮುಗಿದು ಉಳಿದ ಕಾಂಕ್ರೀಟು. ಬಳಿದ ಬಣ್ಣವಿಲ್ಲ, ಮುಂಚೆ ಒಂದು ಫಲಕವಿಲ್ಲ. ಅದನ್ನು ಏರಿ ಇಳಿಯುವಾಗ ಸೈಡ್ ಪ್ಯಾನಲ್ಲು, ಡೂಮು, ನಂಬರ್ ಪ್ಲೇಟು ಮೂರೂ ಒಟ್ಟಿಗೆ ದನಿ ತೆಗೆಯುತ್ತವೆ.

ಇಷ್ಟಾದರೂ ಗಾಡಿ ಮಾಡಿದವರು ಪೆದ್ದರಲ್ಲ ಎಂಬುದೇ ನನಗೆ ದುಃಖದ ವಿಷಯ. ಬೈಕಿನ ಹೊರಮೈಗೆ ಹೆಚ್ಚಾಗಿ ಬಳಸುವ ಎಬಿಎಸ್ ಪ್ಲಾಸ್ಟಿಕ್ಕು ಬಿಸಿಗೆ ಉಕ್ಕಿಗಿಂತ ಆರೇಳು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಕಪ್ಪು ಪ್ಯಾನಲ್ಲನ್ನು ರಾಯಚೂರಿನ ಮೇ ಬಿಸಿಲಿನಲ್ಲಿ ನಿಲ್ಲಿಸಿ, 40 ಡಿಗ್ರಿ ಬಿಸಿ ಏರಿತೆನ್ನಿ: ಪ್ಯಾನಲ್ಲು ಒಂದೂವರೆ ಮಿ.ಮೀ.ಗೂ ಹೆಚ್ಚು ಬೆಳೆಯುತ್ತದೆ, ಕೆಳಗಿನ ಉಕ್ಕಿನ ಫ್ರೇಮು ಕಾಲು ಮಿ.ಮೀ. ಬೆಳೆದು ಸುಮ್ಮನಾಗುತ್ತದೆ. ಉಳಿದ ಹಿಗ್ಗು ಎಲ್ಲಿಗೆ ಹೋಗಬೇಕು? ಅದಕ್ಕೆಂದೇ ಪ್ಯಾನಲ್ಲಿನ ತೂತನ್ನು ಸ್ಕ್ರೂಗಿಂತ ದೊಡ್ಡದಾಗಿ ಮಾಡಿ, ಒಂದು ರಬ್ಬರ್ ಗ್ರಾಮೆಟ್ಟು, ಅದರೊಳಗೆ ಒಂದು ಪುಟ್ಟ ಲೋಹದ ಬುಷ್ ಇಟ್ಟಿರುತ್ತಾರೆ. ಬುಷ್‌ನ ಉದ್ದ ಪ್ಲಾಸ್ಟಿಕ್ಕಿನ ದಪ್ಪಕ್ಕಿಂತ ಒಂದು ಕೂದಲು ಹೆಚ್ಚು. ಸ್ಕ್ರೂ ಬಿಗಿದಾಗ ಅದರ ತಲೆ ಬುಷ್‌ಗೆ ಆನುತ್ತದೆ, ಬುಷ್ ಫ್ರೇಮಿಗೆ ಆನುತ್ತದೆ. ಲೋಹಕ್ಕೆ ಲೋಹ ಕಚ್ಚಿಕೊಂಡು ಬಿಗಿ ನಿಲ್ಲುತ್ತದೆ. ಪ್ಲಾಸ್ಟಿಕ್ಕು ಮಾತ್ರ ರಬ್ಬರಿನ ನಡುವೆ ಹಿಗ್ಗಿ ಕುಗ್ಗುತ್ತ ಹಾಯಾಗಿರುತ್ತದೆ. ನಡುಕವನ್ನೂ ರಬ್ಬರೇ ನುಂಗುತ್ತದೆ. ಇಡೀ ಗಾಡಿಯಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬುದ್ಧಿ ಇನ್ನೆಲ್ಲೂ ಕೂತಿಲ್ಲ ಎಂದು ನನ್ನ ಅನಿಸಿಕೆ.

ಆ ಬುಷ್ಷನ್ನು ನೀವು ಏನು ಮಾಡುತ್ತೀರಿ ಎಂಬುದು ಲೋಕಕ್ಕೆ ಗೊತ್ತಿದೆ. ವಾಟರ್ ಸರ್ವೀಸಿಗೆಂದು ಪ್ಯಾನಲ್ ಬಿಚ್ಚಿದಾಗ ಅದು ನೆಲಕ್ಕೆ ಉರುಳುತ್ತದೆ. ಜೋಡಿಸಿದ ಮೇಲೆ ಉಳಿದಿದ್ದನ್ನು ಕಂಡು ‘ಎಕ್ಸ್‌ಟ್ರಾ ಬಂದಿದೆ’ ಎಂದು ಹಳೇ ಆಯಿಲ್ ಡಬ್ಬಿಗೆ ಹಾಕುತ್ತೀರಿ. ನಿಮ್ಮ ಆ ಡಬ್ಬಿ ನಿಜವಾಗಿಯೂ ಅಕ್ಷಯ ಪಾತ್ರೆ. ಕಂಪನಿ ಎಣಿಸಿ ಹಾಕಿದ ಬುಷ್ಷು, ಅಗಲ ವಾಷರು, ಕ್ಲಿಪ್ಪುಗಳೆಲ್ಲ ಅದರಲ್ಲಿ ಸೇರುತ್ತವೆ. ಅದರಿಂದ ಹೊರಬರುವುದು ಮಾತ್ರ ಯಾವುದೋ ಟಿ.ವಿ.ಯದೋ ಮಿಕ್ಸಿಯದೋ ಸ್ಕ್ರೂ. ‘ಸೈಜ್ ಒಂದೇ ಸಾರ್.’ ಸೈಜ್ ಒಂದೇ ಇರಬಹುದು ಮಹನೀಯರೇ, ಥ್ರೆಡ್ ಒಂದೇ ಅಲ್ಲ. ಲೋಹದ ನಟ್ಟಿಗೆ ಹೋಗುವ ಸಾಧಾರಣ 5 ಮಿ.ಮೀ. ಸ್ಕ್ರೂವಿನ ಥ್ರೆಡ್ಡುಗಳ ನಡುವಿನ ಅಂತರ 0.8 ಮಿ.ಮೀ. ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ತಾನೇ ದಾರಿ ಮಾಡಿಕೊಂಡು ಹೋಗುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂಗೆ ಆ ಅಂತರ ಅದರ ಎರಡರಷ್ಟು, ಕೆಲವಕ್ಕೆ ಇನ್ನೂ ಹೆಚ್ಚು. ಎರಡು ಏಣುಗಳ ನಡುವೆ ಸಾಕಷ್ಟು ಪ್ಲಾಸ್ಟಿಕ್ಕು ಉಳಿಯಲಿ, ಅದು ಹಿಡಿಯಲಿ ಎಂಬ ಲೆಕ್ಕ. ಅಲ್ಲಿಗೆ ಸಣ್ಣ ಥ್ರೆಡ್ಡಿನದನ್ನು ತುರುಕಿದರೆ ಇದ್ದ ಹಾದಿ ಪುಡಿಯಾಗುತ್ತದೆ.

ಥ್ರೆಡ್ ಹೋದ ಮೇಲೆ ಶುರುವಾಗುವ ನಿಮ್ಮ ಚಿಕಿತ್ಸೆಗಳಿಗೆ ಪ್ರತ್ಯೇಕ ಆಸ್ಪತ್ರೆಯೇ ಬೇಕು. ಬೆಂಕಿಕಡ್ಡಿ ಮುರಿದು ತೂತಿಗೆ ತುರುಕುವುದು ಅತ್ಯಂತ ಹಳೆಯದು; ಮೊದಲ ಮಳೆಯವರೆಗೆ ನಿಲ್ಲುತ್ತದೆ. ಇನ್ನೂ ದಪ್ಪದ ಸ್ಕ್ರೂ ಹಾಕುವುದು ಎರಡನೆಯದು. ತೆಳು ಕೊಳವೆ ಉದ್ದಕ್ಕೂ ಸೀಳುತ್ತದೆ. ಫೆವಿಕ್ವಿಕ್ ಹನಿಸುವುದು ಮೂರನೆಯದು. ಅಡುಗೆ ಸೋಡಾ ಉದುರಿಸಿ ಅದರ ಮೇಲೆ ಹನಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ, ನಿಜ, ಎಬಿಎಸ್ ಮೇಲೆ ಒಂದಿಷ್ಟು ಕಾಲ ನಿಲ್ಲಲೂಬಹುದು. ಪ್ಯಾನಲ್ಲಿನ ಒಳಮೈ ತಿರುಗಿಸಿ ನೋಡಿದರೆ ಅಲ್ಲಿ ‘ಎಬಿಎಸ್’ ಎಂದೋ ‘ಪಿಪಿ’ ಎಂದೋ ಅಚ್ಚೊತ್ತಿರುತ್ತದೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಬಣ್ಣ ಬಳಿಯದ ಕಪ್ಪು ಒಳಭಾಗಗಳಿಗೆ ಹೆಚ್ಚಾಗಿ ಬಳಸುವುದು ಅದನ್ನೇ. ಸಾಧಾರಣ ಅಂಟು ಯಾವುದೂ ಅದಕ್ಕೆ ಹತ್ತುವುದಿಲ್ಲ. ಆ ಎರಡು ಅಕ್ಷರ ಓದಲು ಒಂದು ನಿಮಿಷ ಬೇಡ. ಆದರೆ ಓದಿ ಕೆಲಸ ಮಾಡುವುದು ನಿಮ್ಮ ಪರಂಪರೆಯಲ್ಲಿ ಇಲ್ಲ.

ಇವೆಲ್ಲಕ್ಕಿಂತ ದುಬಾರಿ ಚಿಕಿತ್ಸೆ ಓದಿಕೊಂಡವರದು. ಅವರು ನೀಲಿ ಬಣ್ಣದ ಥ್ರೆಡ್ ಲಾಕರ್ ತರುತ್ತಾರೆ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವೆರ್ನನ್ ಕ್ರೀಬಲ್ ರೂಪಿಸಿದ ಈ ದ್ರವ ಅದ್ಭುತವಾದದ್ದೇ: ಗಾಳಿ ಇರುವವರೆಗೆ ನೀರಾಗಿರುತ್ತದೆ, ಗಾಳಿಯಿಲ್ಲದ ಇಕ್ಕಟ್ಟಿನಲ್ಲಿ ಲೋಹ ಸೋಕಿದಾಗ ಗಟ್ಟಿಯಾಗಿ ಬೋಲ್ಟನ್ನು ಹಿಡಿಯುತ್ತದೆ. ಲೋಹ ಸೋಕಿದಾಗ ಎಂಬ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಪ್ಲಾಸ್ಟಿಕ್ಕಿನ ತೂತಿನಲ್ಲಿ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಗಟ್ಟಿಯಾಗದೆ ಉಳಿದ ದ್ರವ ಸುಮ್ಮನೂ ಇರುವುದಿಲ್ಲ. ಮೊದಲೇ ಒತ್ತಡದಲ್ಲಿರುವ ಎಬಿಎಸ್ಸು, ಪಾಲಿಕಾರ್ಬೊನೇಟುಗಳ ಒಳಗಿಳಿದು ಬಿರುಕು ಬಿಡಿಸುತ್ತದೆ. ಸ್ಕ್ರೂ ಬೀಳದಿರಲೆಂದು ಹಾಕಿದ ಔಷಧಿಯಿಂದ ಸ್ಕ್ರೂ ಹಿಡಿದಿದ್ದ ಗೂಟವೇ ಕಳಚಿ ಕೈಗೆ ಬರುತ್ತದೆ. ನಿಮ್ಮ ಅರ್ಧ ಸುತ್ತು ಮತ್ತು ಅವರ ನೀಲಿ ಹನಿ ಒಂದೇ ತೂತಿನಲ್ಲಿ ಸೇರಿದರೆ ಆ ಪ್ಯಾನಲ್ಲಿಗೆ ಆಯಸ್ಸು ಮುಗಿದಂತೆಯೇ.

ಈಗ ನಿಮ್ಮ ಉದ್ಯೋಗಕ್ಕೆ ಕುತ್ತು ತರುವ ಕೆಲವು ಗುಟ್ಟುಗಳನ್ನು ಬಹಿರಂಗ ಮಾಡುತ್ತಿದ್ದೇನೆ, ಕ್ಷಮಿಸಿ.

ಯು ಕ್ಲಿಪ್ ಎಂಬುದೊಂದು ಇದೆ. ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಮಡಿಸಿ, ಒಂದು ಮಗ್ಗುಲಿಗೆ ಥ್ರೆಡ್ ಮಾಡಿದ್ದು. ಪ್ಯಾನಲ್ಲಿನ ಅಂಚಿಗೆ ಸಿಕ್ಕಿಸಿದರೆ ಸ್ಕ್ರೂ ಕಚ್ಚುವುದು ಅದನ್ನು, ಪ್ಲಾಸ್ಟಿಕ್ಕನ್ನಲ್ಲ. ಥ್ರೆಡ್ ಸವೆದರೆ ಕ್ಲಿಪ್ ಬದಲಿಸಿದರಾಯಿತು, ಸಾವಿರಾರು ರೂಪಾಯಿಯ ಪ್ಯಾನಲ್ಲು ಉಳಿಯುತ್ತದೆ. ವಿಂಡ್‌ಶೀಲ್ಡಿನಂಥ ಸೂಕ್ಷ್ಮ ಜಾಗಕ್ಕೆ ರಬ್ಬರಿನೊಳಗೆ ಹಿತ್ತಾಳೆ ನಟ್ ಕೂರಿಸಿದ ವೆಲ್ ನಟ್ ಇದೆ: ಸ್ಕ್ರೂ ತಿರುಗಿಸಿದರೆ ರಬ್ಬರು ಹಿಂದಿನಿಂದ ಉಬ್ಬಿ ಹಿಡಿಯುತ್ತದೆ, ನಡುಕವೂ ತಗ್ಗುತ್ತದೆ. ಎಬಿಎಸ್ ಕೊಳವೆ ಪೂರ್ತಿ ಹಾಳಾಗಿದ್ದರೆ, ಹೊರಮೈಗೆ ಗೀರುಗೀರು ಇರುವ ಹಿತ್ತಾಳೆಯ ಇನ್ಸರ್ಟನ್ನು ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಬಿಸಿ ಮಾಡಿ ಒಳಗಿಳಿಸಬಹುದು. ಆರಿದ ಮೇಲೆ ಪ್ಲಾಸ್ಟಿಕ್ಕಿನೊಳಗೇ ಲೋಹದ ಥ್ರೆಡ್ ಸಿದ್ಧ. ಗೂಟ ಸೀಳಿದ್ದರೆ ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಸರಿಯಾಗಿ ಕಲಸಿಕೊಂಡರೆ ಅದೇ ಅಂಟು, ಮೂಲ ಪ್ಲಾಸ್ಟಿಕ್ಕಿನೊಂದಿಗೆ ಒಂದಾಗಿ ಬೆಸೆಯುತ್ತದೆ. ಇದು ಪಿಪಿಗೆ ನಡೆಯುವುದಿಲ್ಲ. ಹಿಂಬದಿಗೆ ಕೈ ಹೋಗುವ ಕಡೆ ಅಗಲ ವಾಷರು, ನೈಲಾಕ್ ನಟ್ಟು ಸಾಕು. ನಟ್ಟಿನೊಳಗಿನ ನೈಲಾನ್ ಬಳೆ ಥ್ರೆಡ್ಡನ್ನು ಹಿಡಿದಿರುವುದರಿಂದ ಪ್ಯಾನಲ್ಲನ್ನು ಅಮುಕದೆಯೂ ಅದು ಬಿಚ್ಚಿಕೊಳ್ಳುವುದಿಲ್ಲ.

ಇದ್ದ ಥ್ರೆಡ್ಡನ್ನೇ ಉಳಿಸಿಕೊಳ್ಳುವ ಒಂದು ಉಪಾಯವಿದೆ. ಖರ್ಚು ಸೊನ್ನೆ, ಆದ್ದರಿಂದಲೇ ಯಾರೂ ನಂಬುವುದಿಲ್ಲ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಹಗುರವಾಗಿ ಉಲ್ಟಾ ತಿರುಗಿಸಬೇಕು. ಒಂದು ಹಂತದಲ್ಲಿ ‘ಟಿಕ್’ ಎಂದು ಅದು ಒಂದು ಮೆಟ್ಟಿಲು ಕೆಳಗೆ ಬೀಳುತ್ತದೆ. ಹಳೆಯ ಥ್ರೆಡ್ಡಿನ ಬಾಯಿ ಸಿಕ್ಕಿದೆ ಎಂದರ್ಥ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹಳೆಯ ಹಾದಿಯಲ್ಲೇ ಹೋಗುತ್ತದೆ. ಹಾಗೆ ಮಾಡದೆ ನೇರ ಒತ್ತಿ ತಿರುಗಿಸಿದರೆ ಪ್ರತಿ ಸಲ ಹೊಸ ಹಾದಿ ಕೊರೆಯುತ್ತದೆ, ಹಳೆಯದನ್ನು ಅಳಿಸುತ್ತದೆ. ಗಾಳಿಯ ಗನ್ನಿಗೆ ‘ಟಿಕ್’ ಕೇಳಿಸುವುದಿಲ್ಲ ಎಂಬುದೊಂದೇ ಇದರ ದೋಷ.

ಸ್ಟಾರ್ ಸ್ಕ್ರೂಡ್ರೈವರಿನ ಬಗ್ಗೆಯೂ ಒಂದು ಮಾತು. ಜಪಾನ್ ಮೂಲದ ಬೈಕುಗಳ ಸ್ಟಾರ್ ಸ್ಕ್ರೂ ಜಪಾನಿನದೇ ಅಳತೆಯದು. ಗುರುತಿಗೆ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇರುವುದುಂಟು. ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರಲ್ಲಿ ತಳದವರೆಗೆ ಕೂರದೆ ಎಗರಿ ಬರುತ್ತದೆ, ಎಗರಿದಾಗಲೆಲ್ಲ ತಲೆ ಸವೆಯುತ್ತದೆ. ನನ್ನ ಸೈಡ್ ಪ್ಯಾನಲ್ಲಿನ ದುಂಡು ಗುಳಿ ಹುಟ್ಟಿದ್ದು ಹಾಗೆ.

ಬಿಚ್ಚಿಕೊಳ್ಳದಂತೆ ಕೂರಿಸುವ ವಿದ್ಯೆ ನಮ್ಮ ಸರ್ಕಾರಕ್ಕೆ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಹಾಕಿಸಿ ಎಂದು ನಮ್ಮ ರಾಜ್ಯ ಆದೇಶಿಸಿತು. ಆ ನಂಬರ್ ಪ್ಲೇಟಿನ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದು. ಆದ್ದರಿಂದ ಈಗ ಪ್ಲೇಟು ಕದಲುವುದಿಲ್ಲ. ಪ್ಲೇಟನ್ನು ಹೊತ್ತ ಪ್ಲಾಸ್ಟಿಕ್ ಮಡ್‌ಗಾರ್ಡು, ಅದರ ಎರಡು ಸ್ಕ್ರೂಗಳ ಕೃಪೆಯಿಂದ, ಪ್ಲೇಟಿನ ಸಮೇತ ಕುಣಿಯುತ್ತದೆ.

ಆಯುಧಪೂಜೆಗೆ ನಮ್ಮ ಕಡೆ ಗಾಡಿ ತೊಳೆದು, ಕುಂಕುಮವಿಟ್ಟು, ಬಾಳೆಕಂದು ಕಟ್ಟಿ, ಗಾಲಿಯಡಿ ನಿಂಬೆಹಣ್ಣು ಇಡುತ್ತೇವೆ. ಸ್ಪ್ಯಾನರಿಗೂ ಸ್ಕ್ರೂಡ್ರೈವರಿಗೂ ಅರಿಶಿನ ಹಚ್ಚುತ್ತೇವೆ. ಆ ದಿನ ನೀವು ಅವನ್ನು ಮುಟ್ಟುವುದಿಲ್ಲ. ನನ್ನ ಗಾಡಿಯ ಪ್ಲಾಸ್ಟಿಕ್ಕಿಗೆ ವರ್ಷದಲ್ಲಿ ಅದೊಂದೇ ನಿಜವಾದ ಹಬ್ಬ.

ಉಳಿಸಿದ ಅರ್ಧ ಸುತ್ತನ್ನು ಏನು ಮಾಡಲಿ ಎಂದು ನೀವು ಕೇಳಬಹುದು. ದಯವಿಟ್ಟು ಎಂಜಿನ್ ಆಯಿಲ್ಲಿನ ಡ್ರೈನ್ ಬೋಲ್ಟಿಗೆ ಕೊಡಬೇಡಿ. ಅಲ್ಲಿ ಕೆಳಗಿರುವುದು ಅಲ್ಯೂಮಿನಿಯಂ, ಅದರ ಥ್ರೆಡ್ಡೂ ನಿಮ್ಮ ಕೈಯಲ್ಲಿ ಬಹಳ ನೊಂದಿದೆ. ಆಕ್ಸಲ್ ನಟ್ಟಿಗೂ ಅಂದಾಜಿನಲ್ಲಿ ಬೇಡ, ಅದರ ಲೆಕ್ಕ ಸರ್ವೀಸ್ ಮ್ಯಾನ್ಯುಅಲ್ಲಿನಲ್ಲಿದೆ, ಟಾರ್ಕ್ ರೆಂಚ್ ಎಂಬ ಉಪಕರಣವೂ ಅಂಗಡಿಯಲ್ಲಿದೆ. ಆ ಅರ್ಧ ಸುತ್ತು ನಿಮ್ಮ ಜೇಬಿನಲ್ಲೇ ಇರಲಿ.

ಇಂತಿ ನಿಮ್ಮ ಕೈಚಳಕದ ಖಾಯಂ ಗಿರಾಕಿ,
ಒಬ್ಬ ಬೈಕ್ ಸವಾರ

ವಿ.ಸೂ.: ನಿಮ್ಮ ಆಯಿಲ್ ಡಬ್ಬಿಯ ತಳದಲ್ಲಿ, ಸುಮಾರು ಬಟಾಣಿ ಗಾತ್ರದ, ಎರಡೂ ಕಡೆ ತೆರೆದ ಲೋಹದ ಬುಷ್‌ಗಳಿದ್ದರೆ ಅವು ಎಕ್ಸ್‌ಟ್ರಾ ಅಲ್ಲ. ಯಾರ ಗಾಡಿಯದೋ ಅವರಿಗೆ ಮುಂದಿನ ಸರ್ವೀಸಿನಲ್ಲಿ ವಾಪಸು ಹಾಕಿಕೊಡಿ. ಓದುಗರೇ, ನೀವೂ ಗಾಡಿ ಬಿಡಿಸಿಕೊಳ್ಳುವ ಮುಂಚೆ ಪ್ಯಾನಲ್ಲಿನ ತೂತುಗಳಲ್ಲಿ ಬುಷ್ ಇದೆಯೇ ಎಂದು ಒಮ್ಮೆ ಬಗ್ಗಿ ನೋಡಿ, ಆಮೇಲೆ ಬಿಲ್ಲು ಕೊಡಿ.